ಬೀಗ ಹಾಕಿದ ಮನೆಯೂ ಒಂದು ಪಾತ್ರ

ಆಟ ಶುರುವಾಗುವುದು ಒಂದು ಬೀಗದಿಂದ. ನಾಲತವಾಡದ ಅಂಚಿನ ಓಣಿ, ತಗಡಿನ ಬಾಗಿಲಿನ ಸಣ್ಣ ಮನೆ, ಕಟ್ಟೆಯ ಮೇಲೆ ಬೋರಲು ಹಾಕಿಟ್ಟ ಕೊಡ. ಪರದೆಯ ಮೇಲಿನ ಹುಡುಗಿ ಬಾಗಿಲು ಬಡಿಯುತ್ತಾಳೆ. ಯಾರೂ ತೆಗೆಯುವುದಿಲ್ಲ. ಪಕ್ಕದ ಕಟ್ಟೆಯ ಮೇಲೆ ಕುಳಿತ ಆಯಿ ತಲೆ ಎತ್ತಿ, "ಯಾರ್ನ ಕೇಳಾಕತ್ತೀಯವ್ವಾ? ಅವ್ರು ಗೋವಾಕ್ಕ ಹೋಗ್ಯಾರ. ಇನ್ನ ಯುಗಾದಿಗೇ ಬರೂದು" ಅನ್ನುತ್ತಾಳೆ. ಅಷ್ಟೇ. ಹುಡುಗಿ ಬಡಿದಷ್ಟು ಸಲ ಬೀಗ ಅಲುಗಿದ ಸದ್ದು ಬರುತ್ತದೆ. ಅದನ್ನು ತೆರೆಯುವ ಕೀಲಿಕೈ ಆಟದಲ್ಲಿ ಎಲ್ಲೂ ಇಟ್ಟಿಲ್ಲ.

ಈ ಆಟ ಸದ್ಯಕ್ಕೆ ನನ್ನ ನೋಟ್‌ಬುಕ್ಕಿನಲ್ಲಷ್ಟೇ ಇದೆ. ಹವಾಮಾನ ಬದಲಾವಣೆಯ ಮೇಲೆ ವಿಡಿಯೊ ಗೇಮ್ ಕಟ್ಟಲು ಹೊರಟವರು ಮೊದಲು ಕೇಳಿಕೊಳ್ಳುವುದು ನಾಯಕ ಯಾರು, ಗೆಲ್ಲುವುದು ಹೇಗೆ ಎಂದು. ನನಗೆ ಆ ಎರಡೂ ಪ್ರಶ್ನೆ ತಡವಾಗಿ ಬಂದವು. ಮೊದಲು ಬಂದದ್ದು ಆ ಬೀಗ, ಅದರ ಪಕ್ಕದ ಆಯಿ. ಅವರಿಬ್ಬರನ್ನು ಸರಿಯಾಗಿ ಬರೆದರೆ ಉಳಿದದ್ದೆಲ್ಲ ತಾನಾಗಿ ನಿಲ್ಲುತ್ತದೆ ಎಂದು ನನ್ನ ನಂಬಿಕೆ. ಗೇಮ್ ಆಡುವ ಹುಡುಗರು ಇಂಥವರನ್ನು ಎನ್‌ಪಿಸಿ ಅನ್ನುತ್ತಾರೆ, ಆಡುವವರ ಕೈಯಲ್ಲಿ ಇಲ್ಲದ ಪಾತ್ರ ಎಂದು ಅರ್ಥ. ನಮ್ಮ ನಾಟಕ, ಸಿನಿಮಾದವರ ಮಾತು ಪೋಷಕ ಪಾತ್ರ. ಎರಡರಲ್ಲಿ ನಮ್ಮದೇ ಚೆಂದ. ಪೋಷಕ ಎಂದರೆ ಸಾಕುವವರು, ಅನ್ನ ಹಾಕುವವರು.

ಹವಾಮಾನಕ್ಕೆ ಮುಖವಿಲ್ಲ. ಆಟದಲ್ಲಿ ಎದುರಾಳಿಯಾಗಿ ನಿಲ್ಲಿಸಲು ಅದಕ್ಕೆ ಕೈಕಾಲಿಲ್ಲ. ಅದಕ್ಕೇ ಈ ವಿಷಯದ ಹೆಸರುವಾಸಿ ಆಟಗಳು ಆಡುವವರನ್ನು ಆಕಾಶಕ್ಕೆ ಏರಿಸಿಬಿಡುತ್ತವೆ. 2011ರ ‘ಫೇಟ್ ಆಫ್ ದಿ ವರ್ಲ್ಡ್’ನಲ್ಲಿ ನೀವು ಇಡೀ ಜಗತ್ತಿನ ಪರಿಸರ ನೋಡಿಕೊಳ್ಳುವ ಸಂಸ್ಥೆಯ ಮುಖ್ಯಸ್ಥರು, ಖಂಡಗಳ ಮೇಲೆ ಕಾರ್ಡು ಇಡುತ್ತ ಹೋಗುತ್ತೀರಿ. 2019ರಲ್ಲಿ ‘ಸಿವಿಲೈಸೇಷನ್ 6’ಕ್ಕೆ ಬಂದ ‘ಗ್ಯಾದರಿಂಗ್ ಸ್ಟಾರ್ಮ್’ ಕಂತಿನಲ್ಲಿ ನಿಮ್ಮ ಕಾರ್ಖಾನೆಗಳ ಹೊಗೆ ಹೆಚ್ಚಿದಂತೆ ಸಮುದ್ರ ಏರಿ ದಂಡೆಯ ನೆಲ ಮುಳುಗುತ್ತದೆ. 2023ರ ‘ಟೆರಾ ನಿಲ್’ ಇನ್ನೂ ಸುಂದರ. ಸತ್ತ ಬಯಲನ್ನು ಹಸಿರು ಮಾಡಿ, ಕಟ್ಟಿದ ಯಂತ್ರಗಳನ್ನೂ ಬಿಚ್ಚಿಕೊಂಡು ಹೊರಟುಹೋಗಬೇಕು. ಆ ಹಸಿರಿನಲ್ಲಿ ಮನುಷ್ಯರೇ ಇಲ್ಲ. ಯುನೆಸ್ಕೊದ ಮಹಾತ್ಮ ಗಾಂಧಿ ಶಿಕ್ಷಣ ಸಂಸ್ಥೆ 2017ರಲ್ಲಿ ತಂದ ‘ವರ್ಲ್ಡ್ ರೆಸ್ಕ್ಯೂ’ ನೆಲಕ್ಕೆ ಇಳಿಯುವ ಪ್ರಯತ್ನ ಮಾಡಿತು. ಕೀನ್ಯಾ, ನಾರ್ವೆ, ಬ್ರೆಜಿಲ್, ಭಾರತ, ಚೀನಾ, ಒಟ್ಟು ಐದು ದೇಶ, ಐವರು ಎಳೆಯ ನಾಯಕರು. ಉದ್ದೇಶ ಒಳ್ಳೆಯದೇ. ಆದರೆ ಇಡೀ ಭಾರತ ಒಂದು ಮುಖವಾದರೆ ನಾಲತವಾಡದ ಪಾಲಿಗೆ ಒಂದು ಕೂದಲೂ ಬರುವುದಿಲ್ಲ.

ನಾನು ಮೆಚ್ಚಿಕೊಂಡು ಮತ್ತೆ ಮತ್ತೆ ನೋಡುವ ಉದಾಹರಣೆ ಹವಾಮಾನದ ಆಟವೇ ಅಲ್ಲ. 2000ನೇ ಇಸವಿಯಲ್ಲಿ ಜಪಾನಿನ ನಿಂಟೆಂಡೊ ತಂದ ‘ಮೇಜೊರಾಸ್ ಮಾಸ್ಕ್’. ಒಂದು ಊರಿನ ಮೇಲೆ ಚಂದ್ರ ಬೀಳಲಿದ್ದಾನೆ, ಉಳಿದಿರುವುದು ಮೂರು ದಿನ. ತಲೆ ಎತ್ತಿದರೆ ಕಾಣುವಷ್ಟು ಹತ್ತಿರ ಬಂದಿದ್ದಾನೆ. ಊರಿನ ಮೇಯರ್ ಮನೆಯಲ್ಲಿ ವಾದ ನಡೆದಿದೆ. ಜನರನ್ನು ಊರು ಬಿಡಿಸೋಣ ಎಂದು ಕಾವಲು ಪಡೆಯವರು; ಜಾತ್ರೆ ನಿಲ್ಲಿಸುವ ಮಾತೇ ಇಲ್ಲ ಎಂದು ಬಡಿಗರ ಯಜಮಾನ; ಯಾವ ಕಡೆಗೂ ಹೂಂ ಅನ್ನಲಾರದ ಮೇಯರ್. ಹೊರಗೆ ಅಂಚೆಯವನು ಗಡಿಯಾರ ನೋಡಿಕೊಂಡು ಪತ್ರ ಹಂಚುತ್ತಲೇ ಇದ್ದಾನೆ. ಓಡಿಹೋಗುವ ಆಸೆ ಅವನಿಗಿದೆ, ಕೆಲಸದ ಪಟ್ಟಿಯಲ್ಲಿ ಅದು ಬರೆದಿಲ್ಲ. ವಿಪತ್ತು ಬರುವಾಗ ಊರು ಹೇಗಿರುತ್ತದೆ ಎಂದು ಇಷ್ಟು ನಿಜವಾಗಿ ತೋರಿಸಿದ ಹವಾಮಾನದ ಆಟವನ್ನು ನಾನು ಆಡಿಲ್ಲ. ಅದರ ಬಲವೆಲ್ಲ ನಾಯಕನ ಕತ್ತಿಯಲ್ಲಿಲ್ಲ, ಅಂಚೆಯವನ ಕಾಲಿನಲ್ಲಿದೆ.

ಪೋಷಕ ಪಾತ್ರಕ್ಕೆ ತನ್ನದೇ ದಿನಚರಿ ಇರಬೇಕೆಂಬ ವಿಚಾರ ಗೇಮಿನ ಲೋಕದಲ್ಲಿ ಹಳೆಯದು. 1988ರ ‘ಅಲ್ಟಿಮಾ 5’ರಲ್ಲೇ ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದು ರಾತ್ರಿ ಮಲಗುತ್ತಿದ್ದರು. 2016ರ ‘ಸ್ಟಾರ್ಡ್ಯೂ ವ್ಯಾಲಿ’ಯಲ್ಲಿ ಮಳೆಯ ದಿನ ಜನ ಬೇರೆ ಕಡೆ ಇರುತ್ತಾರೆ, ಋತು ಬದಲಾದರೆ ಮಾತು ಬದಲಾಗುತ್ತದೆ. ಆದರೆ ಆ ಊರಿನಲ್ಲಿ ಮಳೆ ಬರುವುದು ತಪ್ಪುವುದಿಲ್ಲ. ವಸಂತದ ಹಿಂದೆ ಬೇಸಿಗೆ ಗಡಿಯಾರದಂತೆ ಬಂದು ನಿಲ್ಲುತ್ತದೆ. ದಿನಚರಿಯನ್ನು ಹಾಗೇ ಇಟ್ಟು ಋತುವನ್ನೇ ಕೆಡಿಸಿದರೆ ಜನ ಏನು ಮಾಡುತ್ತಾರೆ? ನನ್ನ ಆಟ ಹುಟ್ಟಿದ್ದು ಅಲ್ಲಿ.

ಮುದ್ದೇಬಿಹಾಳದಿಂದ ನಾರಾಯಣಪುರದ ದಿಕ್ಕಿಗೆ ಹೊರಟರೆ ಸಿಗುವ ಪಟ್ಟಣ ನಾಲತವಾಡ. ವೀರೇಶ್ವರ ಶರಣರ ಊರು. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ, ಕೃಷ್ಣೆಗೆ ಕಟ್ಟಿದ ಎರಡು ದೊಡ್ಡ ಅಣೆಕಟ್ಟುಗಳ ನಡುವಿನ ಸೀಮೆ. ಆಲಮಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. 519.6 ಮೀಟರಿಗೆ ನೀರು ನಿಂತರೆ 123 ಟಿಎಂಸಿ ಅಡಿ. ನಾರಾಯಣಪುರದ ಬಸವಸಾಗರದಲ್ಲಿ 33 ಟಿಎಂಸಿ ಅಡಿ. ಇಷ್ಟು ನೀರಿನ ಪಕ್ಕದಲ್ಲಿದ್ದೂ ಸುತ್ತಲಿನ ಎಷ್ಟೋ ಹೊಲ ಇಂದಿಗೂ ಮುಗಿಲು ನೋಡಿ ಬದುಕುತ್ತವೆ. ಸಹ್ಯಾದ್ರಿ ತಡೆದುಳಿದ ಮೋಡ ಇಲ್ಲಿಗೆ ಬರುವ ಹೊತ್ತಿಗೆ ಹಗುರಾಗಿರುತ್ತದೆ. ಹೊಳೆ ತುಂಬುವುದು ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆಗೆ. ಆದ್ದರಿಂದ ಇಲ್ಲಿಯ ಜನಕ್ಕೆ ಎರಡು ಗಡಿಯಾರ, ಒಂದು ಹೊಳೆಯದು, ಇನ್ನೊಂದು ಮುಗಿಲಿನದು. ಶ್ರಾವಣದಲ್ಲಿ ಆಲಮಟ್ಟಿಯ ಗೇಟು ಎತ್ತಿ ಪ್ರವಾಹದ ಎಚ್ಚರಿಕೆ ಸಾರುವ ದಿನವೇ ಎರೆ ಹೊಲದಲ್ಲಿ ಬಿತ್ತಿದ್ದು ಒಣಗುತ್ತಿರಬಹುದು. ಹೊಳಿ ತುಂಬ್ಯದ, ಹೊಲ ಬಾಯಿ ಬಿಟ್ಟದ. ಈ ಎರಡು ಗಡಿಯಾರದ ನಡುವೆ ಸಿಕ್ಕವರೇ ನನ್ನ ಪಾತ್ರಗಳು.

ಅವರಲ್ಲಿ ಮೊದಲನೆಯವಳು ಆಯಿ. ಅವಳು ತಿಂಗಳು ಎಣಿಸುವುದಿಲ್ಲ, ಮಳೆ ಎಣಿಸುತ್ತಾಳೆ. ರೋಹಿಣಿ, ಮಿರಗ, ಆರಿದ್ರಾ ಎಂದು ಶುರುವಾಗಿ ಉತ್ತರಿ, ಹಸ್ತಾ, ಚಿತ್ತಿ, ಸ್ವಾತಿಯವರೆಗೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಜೂನ್ 7-8ಕ್ಕೆ ಮಿರಗ ಕೂಡಿದರೆ ಮುಂಗಾರಿನ ಬಿತ್ತಿಗೆ. ಸೆಪ್ಟೆಂಬರ್ ನಡುವೆ ಉತ್ತರಿ ಕೂಡಿದರೆ ಬಿಳಿಜೋಳದ ಮಾತು. ಎರೆ ಭೂಮಿ ಉತ್ತರಿ-ಹಸ್ತದ ನೀರನ್ನು ಒಡಲಲ್ಲಿ ಹಿಡಿದುಕೊಳ್ಳುತ್ತದೆ. ಆ ಹಸಿ ಮತ್ತು ಚಳಿಗಾಲದ ಇಬ್ಬನಿ, ಇವೆರಡರ ಮೇಲೆ ಮಾಲದಂಡಿ ಜೋಳ ತೆನೆ ಕಟ್ಟುತ್ತದೆ, ಮತ್ತೆ ಒಂದು ಹನಿ ಬೀಳದಿದ್ದರೂ. ಈ ಜೋಳದ ಒಳಗೆ ಸಾವಿರಾರು ವರ್ಷದ ಬುದ್ಧಿ ಇದೆ. ಬ್ರಿಟಿಷರ ಕಾಲದಲ್ಲೇ, 1930ರ ದಶಕದಲ್ಲಿ, ವಿಜಾಪುರದಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ತೆರೆದದ್ದು ಈ ಬುದ್ಧಿಯನ್ನು ಅಳೆದು ಬೆಳೆಸಲು.

ಆಯಿಯ ಮಾತನ್ನು ನಾನು ಆಡುವವರ ಆಯ್ಕೆಗೆ ಕಟ್ಟಿಲ್ಲ, ಮಳೆಗೆ ಕಟ್ಟಿದ್ದೇನೆ. ಹುಡುಗಿ ಎಷ್ಟು ಸಲ ಬಂದು ಮಾತಾಡಿಸಿದಳು, ಏನು ಉಡುಗೊರೆ ತಂದಳು ಎಂಬುದರಿಂದ ಆಯಿ ಬದಲಾಗುವುದಿಲ್ಲ. ಮೊದಲ ವರ್ಷ ಆರಿದ್ರಾ ಸರಿಯಾಗಿ ಬರುತ್ತದೆ. "ಈ ಸಲ ಹಸ್ತಾ ಹೊಡೀತದ, ಹಗೇವ ತೊಳದ ಇಡ್ರಿ" ಅನ್ನುತ್ತಾಳೆ. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಕಣಜ. ಊರಲ್ಲಿ ಅದು ಮುಚ್ಚಿ ಎಷ್ಟೋ ಕಾಲವಾಗಿದೆ, ಆಯಿಯ ಮಾತಿನಲ್ಲಿ ಇನ್ನೂ ತೆರೆದೇ ಇದೆ. ಎರಡನೆಯ ವರ್ಷ ಮಿರಗ ಒಣಗುತ್ತದೆ. ಅವಳು ಮುಂದಿನ ಮಳೆಯ ಹೆಸರು ಹೇಳುತ್ತಾಳೆ. ಮೂರನೆಯ ವರ್ಷ ಮಳೆ ಬರುತ್ತದೆ, ಹೆಸರಿಲ್ಲದ ಹೊತ್ತಿನಲ್ಲಿ, ತೊಗರಿ ಹೂವಿನಲ್ಲಿದ್ದಾಗ, ಒಂದೇ ರಾತ್ರಿಯಲ್ಲಿ. ಐದನೆಯ ವರ್ಷಕ್ಕೆ ಅವಳು ಮಳೆಯ ಮಾತು ಆಡುವುದನ್ನು ಬಿಡುತ್ತಾಳೆ. ಹುಡುಗಿ ಕೇಳಿದರೆ, "ಚಾ ಕುಡೀತಿಯೇನವ್ವಾ?" ಅನ್ನುತ್ತಾಳೆ. ಆಡುವವರಿಗೆ ಯಾವ ಸೂಚನೆಯೂ ಕಾಣಿಸುವುದಿಲ್ಲ, ಕೆಂಪು ಗೆರೆ ಏರುವುದಿಲ್ಲ. ಒಬ್ಬ ಮುದುಕಿಯ ಪಂಚಾಂಗ ಅವಳ ಬಾಯಲ್ಲೇ ಮುಗಿದುಹೋಗಿದೆ, ಅಷ್ಟೇ.

ಇದು ಕಲ್ಪನೆಯ ಉತ್ಪ್ರೇಕ್ಷೆಯಲ್ಲ. 2009 ನೆನೆಸಿಕೊಳ್ಳಿ. ಆ ವರ್ಷ ದೇಶದ ಮುಂಗಾರು ವಾಡಿಕೆಯ ಶೇ 78ಕ್ಕೆ ಕುಸಿದಿತ್ತು, 1972ರ ಬರದ ನಂತರದ ಅತಿ ದೊಡ್ಡ ಕೊರತೆ. ಅದೇ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಗೆ ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬರವೂ ನೆರೆಯೂ ಒಂದೇ ವರ್ಷದಲ್ಲಿ. 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಒಮ್ಮೆಗೇ ಹೊಡೆಯುವ ಭಾರಿ ಮಳೆಯ ಪ್ರಸಂಗಗಳು ಮೂರು ಪಟ್ಟಾದವು ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. 2019ರ ಆಗಸ್ಟಿನಲ್ಲಿ ಕೃಷ್ಣೆ, 2020ರ ಅಕ್ಟೋಬರಿನಲ್ಲಿ ಇಂಡಿ, ಸಿಂದಗಿ ಕಡೆ ಭೀಮೆ ಉಕ್ಕಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ತಾಳಿಕೋಟೆ ಪಕ್ಕದ ಡೋಣಿ ತುಂಬಿದರೆ ಓಣಿಗೆಲ್ಲ ಜೋಳ ಎಂದು ನಮ್ಮ ಹಿರಿಯರು ಹಿಗ್ಗುತ್ತಿದ್ದರು. ಈಗ ಡೋಣಿ ತುಂಬಿತೆಂದರೆ ಯಾವ ಸೇತುವೆ ಮುಳುಗಿತು ಎಂದು ಕೇಳುತ್ತೇವೆ.

ಇಂಥ ಅಂಕಿಗಳನ್ನು ಆಟದ ಪಾತ್ರದ ಬಾಯಿಗೆ ತುರುಕುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಎದುರಿಗೆ ಸಿಕ್ಕ ರೈತ ನಿಂತುಕೊಂಡು ಇಂಗಾಲದ ಪಾಠ ಹೇಳುತ್ತಾನೆ, ಆಡುವ ಮಗು ಬಟನ್ ಒತ್ತಿ ಮುಂದೆ ಹೋಗುತ್ತದೆ. ನನ್ನ ಆಟದಲ್ಲಿ ‘ಹವಾಮಾನ ಬದಲಾವಣೆ’ ಎಂಬ ಮಾತನ್ನು ಯಾರೂ ಆಡಬಾರದೆಂದು ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ. "ಮಳಿ ಕಾಲಕ್ಕ ಬರೂದಿಲ್ಲ", "ಬಿಸಲಿಗೆ ಬೇವಿನ ನೆಳ್ಳೂ ಸಾಲೂದಿಲ್ಲ", "ಕಾಲ ಕೆಟ್ಟದ" ಎಂದಷ್ಟೇ ಅನ್ನಬಹುದು. ಅಂಕಿ ಬೇಕಾದರೆ ಅದಕ್ಕೂ ಒಬ್ಬ ಪಾತ್ರಧಾರಿ ಇದ್ದಾನೆ. ಗ್ರಾಮ ಪಂಚಾಯತಿಗಳ ಅಂಗಳದಲ್ಲಿ, ಮಾಳಿಗೆಯ ಮೇಲೆ ನಿಂತಿರುವ ಮಳೆಮಾಪಕ. 1988ರಲ್ಲಿ ಬರ ಮೇಲ್ವಿಚಾರಣೆಯ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಈಗ ಇಂಥ ಸಾವಿರಾರು ಮಾಪಕಗಳಿಂದ ಲೆಕ್ಕ ತೆಗೆದುಕೊಳ್ಳುತ್ತದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಫೋನು ಮಾಡಿದರೆ ಮುನ್ಸೂಚನೆ ಹೇಳುತ್ತಾರೆ. ಹುಡುಗಿ ಆ ಡಬ್ಬಿಯನ್ನೂ ನೋಡಬಹುದು, ಆಯಿಯನ್ನೂ ಕೇಳಬಹುದು. ಇಬ್ಬರ ಮಾತು ಕೂಡಿದ ದಿನ ಊರಿಗೆ ಒಳ್ಳೆಯ ದಿನ.

ಆಟಗಳಿಗೆ ಅಳತೆಗೋಲು ಬೇಕು ಎಂದು ಡಿಸೈನರುಗಳು ಹೇಳುತ್ತಾರೆ. ನಮ್ಮ ಹಿತ್ತಿಲಲ್ಲೇ ಅದಿದೆ, ಬಣವಿ. ಜೋಳದ ಕಣಿಕೆ ಒಟ್ಟಿದ ಬಣವಿಯ ಎತ್ತರ ನೋಡಿದರೆ ಕಳೆದ ಎರಡು ವರ್ಷದ ಮಳೆ, ಮನೆಯಲ್ಲಿ ಎತ್ತು ಉಳಿದಿವೆಯೋ ಇಲ್ಲವೋ, ಬರುವ ಬೇಸಿಗೆಗೆ ಯಾರ ಮನೆಯ ಕೊಟ್ಟಿಗೆ ಖಾಲಿಯಾಗುತ್ತದೆ, ಎಲ್ಲ ತಿಳಿಯುತ್ತದೆ. ಪರದೆಯ ಮೂಲೆಯಲ್ಲಿ ಸಂಖ್ಯೆ ಬರೆಯುವ ಅಗತ್ಯವಿಲ್ಲ. ಮಣ್ಣೆತ್ತಿನ ಅಮವಾಸ್ಯೆಯ ದಿನ ಮಕ್ಕಳು ಮಾಡಿದ ಮಣ್ಣಿನ ಜೋಡೆತ್ತು ಎಲ್ಲ ಮನೆಯ ಗೂಡಿನಲ್ಲೂ ಇವೆ, ಕೊಟ್ಟಿಗೆಯಲ್ಲಿ ಎತ್ತಿಲ್ಲ. ಅಂಥ ಒಂದು ಚಿತ್ರ ಸಾಕು.

ಎರಡನೆಯ ಪಾತ್ರ ಕಾಲುವೆಯ ಗೇಟು ನೋಡಿಕೊಳ್ಳುವವನು. ಆಲಮಟ್ಟಿ ಎಡದಂಡೆ ಕಾಲುವೆಯ ನೀರು ಮುದ್ದೇಬಿಹಾಳ ತಾಲ್ಲೂಕಿನ ಕೆಲವು ಹೊಲ ಮುಟ್ಟಿತು, ಕೆಲವು ಮುಟ್ಟಲಿಲ್ಲ. ಮುಟ್ಟಿದ ಕಡೆ ಜೋಳ ಹಿಂದೆ ಸರಿದು ಕಬ್ಬು, ಹತ್ತಿ, ಮೆಣಸಿನಕಾಯಿ ಬಂದವು. ನೀರು ಹೆಚ್ಚಾದ ಎರೆಯಲ್ಲಿ ಸವಳೂ ಬಂತು. ಈ ಮನುಷ್ಯನನ್ನು ಎಲ್ಲರೂ ಬೈಯುತ್ತಾರೆ. ಮೇಲಿನ ಹೊಲದವರು ನೀರು ಬಂದ್ ಮಾಡಿದನೆಂದು, ಕೊನೆಯ ಹೊಲದವರು ನೀರೇ ಬಿಡಲಿಲ್ಲವೆಂದು. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಚಾಲು, ಎಷ್ಟು ದಿನ ಬಂದ್ ಎಂದು ಗೊತ್ತು ಮಾಡುವುದು ನೀರಾವರಿ ಸಲಹಾ ಸಮಿತಿ. ಜಲಾಶಯ ತುಂಬುವುದು ಮಹಾರಾಷ್ಟ್ರದ ಘಟ್ಟದ ಮಳೆಯಿಂದ. ಇವನ ಕೈಯಲ್ಲಿ ಇರುವುದು ತಿರುಗಣೆಯ ಹಿಡಿಕೆ ಒಂದೇ. ಆಟದಲ್ಲಿ ಅವನನ್ನು ಖಳನಾಗಿ ಮಾಡುವುದು ಬಹಳ ಸುಲಭ. ನಾನು ಮಾಡಿದ್ದಿಷ್ಟು: ಅವನದೂ ಒಂದು ಎಕರೆ ಹೊಲ ಇದೆ, ಅದು ಕಾಲುವೆಯ ಕೊನೆಯಲ್ಲಿದೆ. ರಾತ್ರಿ ಹುಡುಗಿ ಟಾರ್ಚು ಹಿಡಿದು ಹೋದರೆ ಅವನು ತನ್ನದೇ ಗೇಟಿನ ಎದುರು ಕೂತಿರುತ್ತಾನೆ. ತೆಗೆಯುವುದಿಲ್ಲ. "ನಂದ ಪಾಳಿ ಇನ್ನೂ ನಾಕ ದಿನ ಅದ ತಂಗಿ" ಅನ್ನುತ್ತಾನೆ.

ಬೀಜ-ಗೊಬ್ಬರದ ಅಂಗಡಿಯವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉದ್ರಿ ಕೊಡುವವರೂ ಅವರೇ, ವಸೂಲಿಗೆ ಬರುವವರೂ ಅವರೇ. ತೊಗರಿಗೆ ನೆಟೆ ಹತ್ತಿದಾಗ ಔಷಧ ಹೇಳುವವರೂ, ಆ ಔಷಧದ ಬೆಲೆಯನ್ನು ವಹಿಯಲ್ಲಿ ಬರೆಯುವವರೂ ಅವರೇ. ಒಳ್ಳೆಯವರೋ ಕೆಟ್ಟವರೋ ಎಂಬ ಪ್ರಶ್ನೆಯನ್ನು ಆಟ ಕೇಳಬಾರದು. ಅವರೂ ಮಳೆಯ ಮೇಲೆ ಜೂಜು ಕಟ್ಟಿದವರು.

ನೆರೆರಾಜ್ಯದ ಒಂದು ಅನುಭವ ಇಲ್ಲಿ ನೆನಪಾಗುತ್ತದೆ. ಆಂಧ್ರದ ಅನಂತಪುರ ಭಾಗದ ಹಳ್ಳಿಗಳಲ್ಲಿ ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಎಂಬ ಸಂಸ್ಥೆ, ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ, ರೈತರ ಕೈಯಲ್ಲಿ ಅಂತರ್ಜಲದ ಆಟ ಆಡಿಸಿತು. ಕಂಪ್ಯೂಟರ್ ಇಲ್ಲ, ನೆಲದ ಮೇಲೆ ಕೂತು ಆಡುವ ಆಟ. ಕಡಿಮೆ ನೀರಿನ ಬೆಳೆಯೋ ಹೆಚ್ಚು ನೀರಿನದೋ, ಪ್ರತಿಯೊಬ್ಬರೂ ಆರಿಸಬೇಕು. ಎಲ್ಲರ ಆಯ್ಕೆ ಕೂಡಿಸಿದರೆ ಬಾವಿಯ ನೀರು ಎಷ್ಟು ಇಳಿಯಿತೆಂದು ಕಾಣುತ್ತದೆ. ಮುಗಿದ ಮೇಲೆ ಊರವರೆಲ್ಲ ಕೂತು ಚರ್ಚೆ. ಆಟ ಆಡಿದ ಹಳ್ಳಿಗಳು ನೀರಿನ ಲೆಕ್ಕ ಇಡುವ, ಬಳಕೆಗೆ ನಿಯಮ ಮಾಡಿಕೊಳ್ಳುವ ಕಡೆ ಹೆಚ್ಚು ವಾಲಿದವೆಂದು ಆಮೇಲಿನ ಅಧ್ಯಯನ ಹೇಳಿತು. ನನಗೆ ಇದರಲ್ಲಿ ಕಂಡ ವಿಶೇಷವೆಂದರೆ, ಅಲ್ಲಿ ಪೋಷಕ ಪಾತ್ರಗಳೇ ಇಲ್ಲ. ನನ್ನ ಬೋರ್‌ವೆಲ್ಲಿಗೆ ಪಕ್ಕದವನು ಪೋಷಕ, ಅವನ ಬೋರ್‌ವೆಲ್ಲಿಗೆ ನಾನು. ವಿಡಿಯೊ ಗೇಮಿನಲ್ಲಿ ಇದನ್ನು ತರಬೇಕಾದರೆ ಕಟ್ಟೆಯ ಮೇಲಿನ ಪಾತ್ರಗಳೂ ನಾಯಕಿಯಷ್ಟೇ ನೀರು ಕುಡಿಯಬೇಕು, ಅವರ ಆಯ್ಕೆಗೂ ಬಾವಿ ಬತ್ತಬೇಕು.

ಹಾಗಾದರೆ ನಾಯಕಿಯ ಜೊತೆ ಇವರ ಸಂಬಂಧ ಏನು? ಇದನ್ನು ನಮ್ಮ ಕಡೆಯ ದೊಡ್ಡಾಟ ಎಂದೋ ಬಿಡಿಸಿಟ್ಟಿದೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜ ರಂಗಕ್ಕೆ ಬಂದು ಕುಣಿದು ನಿಂತ ಮೇಲೆ ಸಾರಥಿ ಮುಂದೆ ಬಂದು ಕೇಳುತ್ತಾನೆ, ತಾವು ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂದು. ಕೇಳುವ ಸಾರಥಿ ಇಲ್ಲದಿದ್ದರೆ ರಾಜನಿಗೆ ತಾನು ರಾಜನೆಂದು ಹೇಳಿಕೊಳ್ಳುವ ದಾರಿಯಿಲ್ಲ. ವಿಡಿಯೊ ಗೇಮಿನ ಪೋಷಕ ಪಾತ್ರ ಇದಕ್ಕೆ ತಿರುವುಮುರುವು. ಅದು ಕೇಳುವುದಿಲ್ಲ, ಹೇಳುತ್ತದೆ. ನಾಯಕ ಬರುವವರೆಗೆ ಕಲ್ಲಿನಂತೆ ನಿಂತಿದ್ದು, ಬಂದ ಕೂಡಲೇ ದಾರಿ, ಬೆಲೆ, ಗುಟ್ಟು ಒಪ್ಪಿಸುತ್ತದೆ. ನಾಲತವಾಡದ ಬಸ್‌ಸ್ಟ್ಯಾಂಡಿನಲ್ಲಿ ಹೊಸ ಮುಖ ಇಳಿದರೆ ಯಾರೂ ಹಾಗೆ ಒಪ್ಪಿಸುವುದಿಲ್ಲ. ಹಿರಿಯರು ಮೊದಲು ಕೇಳುವ ಮಾತೇ "ನೀ ಯಾರ ಮಗಳವಾ?" ಎಂದು. ಅದಕ್ಕೆ ಉತ್ತರ ಕೊಟ್ಟ ಮೇಲೇ ನೀರು, ಚಹ, ಸುದ್ದಿ. ಆದ್ದರಿಂದ ನನ್ನ ಆಟದಲ್ಲಿ ಎಲ್ಲರೂ ಹುಡುಗಿಯನ್ನು ಕೇಳುತ್ತಾರೆ. ಯಾರ ಮಗಳು, ಎಷ್ಟು ದಿನ ಇರ್ತಿ, ನಿಮ್ಮ ಹೊಲ ಯಾರು ಮಾಡ್ತಾರ, ಬೋರ್ ಕೊರಸ್ತೀರೇನು? ಅವಳ ಉತ್ತರಗಳನ್ನು ಊರು ಮರೆಯುವುದಿಲ್ಲ.

ಇನ್ನು ಜೋಕುಮಾರ. ನನ್ನ ನೋಟ್‌ಬುಕ್ಕಿನ ಹೆಚ್ಚು ಪುಟ ತಿಂದವನು ಇವನೇ. ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೆ ಇವನು ಹುಟ್ಟುತ್ತಾನೆ. ಅಂಬಿಗರ, ತಳವಾರರ ಮನೆಯ ಹೆಣ್ಣುಮಕ್ಕಳು ಮಣ್ಣಿನ ಮೂರ್ತಿ ಮಾಡಿ, ದೊಡ್ಡ ಕಣ್ಣು ಬಿಡಿಸಿ, ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ಜೋಳ ಕೊಟ್ಟು ಅವನ ಬಾಯಿಗೆ ಬೆಣ್ಣೆ ಸವರುತ್ತಾರೆ. ಏಳು ದಿನದ ಆಯುಷ್ಯ. ಅನಂತನ ಹುಣ್ಣಿಮೆಗೆ ಅವನನ್ನು ಕೊಲ್ಲುತ್ತಾರೆ. ಇದರ ಹಿಂದಿನ ಕತೆ ಹೀಗಿದೆ: ಗಣಪತಿ ಕಡಬು, ಮೋದಕ ತಿಂದು ಮರಳಿ, ಭೂಮಿಯ ಮೇಲೆ ಎಲ್ಲ ಸುಭಿಕ್ಷವೆಂದು ಹೇಳಿಬಿಡುತ್ತಾನೆ. ಬಡವರ ಮನೆಯ ಅಂಗಳ ತಿರುಗಿದ ಜೋಕುಮಾರ ಮಾತ್ರ ಮಳೆಯಿಲ್ಲ, ಬೆಳೆ ಒಣಗಿದೆ, ಮಕ್ಕಳು ಹಸಿದಿವೆ ಎಂದು ನಿಜ ಹೇಳುತ್ತಾನೆ. ಆಗ ಮಳೆ ಬರುತ್ತದೆ.

ನಾಯಕ ಸುಳ್ಳು ವರದಿ ಕೊಟ್ಟ, ಪೋಷಕ ಪಾತ್ರ ನಿಜ ಹೇಳಿತು. ಹವಾಮಾನದ ಕತೆಗೆ ಇದಕ್ಕಿಂತ ಗಟ್ಟಿಯಾದ ಚೌಕಟ್ಟು ಬೇರೆ ಕಡೆ ಹುಡುಕಬೇಕೆ? ಚಂದ್ರಶೇಖರ ಕಂಬಾರರು 1970ರ ದಶಕದ ಆರಂಭದಲ್ಲಿ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಇವನನ್ನು ಭೂಮಿ ಮತ್ತು ಉಳುವವನ ಕತೆಯ ನಡುವೆ ನಿಲ್ಲಿಸಿದರು. ನಾನು ಅವನನ್ನು ಮಳೆಯ ವರದಿಗಾರನಾಗಿಯೇ ಉಳಿಸಿಕೊಂಡಿದ್ದೇನೆ. ಇಲ್ಲಿ ಮತ್ತೊಂದು ಹೋಲಿಕೆ ನನ್ನನ್ನು ಬಿಡದೆ ಕಾಡಿತು. ಪೆಸಿಫಿಕ್ ಸಾಗರದ ಆಚೆ ಪೆರುವಿನ ಮೀನುಗಾರರು ಕ್ರಿಸ್‌ಮಸ್ ಸುಮಾರಿಗೆ ಬರುವ ಬೆಚ್ಚನೆಯ ಪ್ರವಾಹಕ್ಕೆ ಎಲ್ ನಿನೊ ಎಂದು ಹೆಸರಿಟ್ಟರು. ‘ಆ ಹುಡುಗ’ ಎಂದರ್ಥ, ಬಾಲಯೇಸು. ಆ ಹುಡುಗ ಜೋರಾಗಿ ಬಂದ ಹಲವು ವರ್ಷ ನಮ್ಮ ಮುಂಗಾರು ಸೊರಗಿದೆ. 1876-78ರಲ್ಲಿ ವಿಜಾಪುರ ಸೀಮೆಯನ್ನು ತಿಂದ ಬರದ ಹಿಂದೆ ಇದ್ದವನೂ ಅವನೇ. ಅದಕ್ಕೂ ಮೊದಲಿನ 1791-92ರ ಬರವನ್ನು ತಲೆಬುರುಡೆಗಳ ಹೆಸರಿನಲ್ಲಿ ಡೋಗಿ ಬರ ಎಂದೇ ಕರೆದರು. ದೂರದ ಸಮುದ್ರದಲ್ಲಿ ಒಬ್ಬ ಹುಡುಗ ಮಳೆ ಕಸಿಯುತ್ತಾನೆ, ನಮ್ಮ ಓಣಿಯಲ್ಲಿ ಬುಟ್ಟಿಯೊಳಗೆ ಕೂತ ಇನ್ನೊಬ್ಬ ಹುಡುಗ ಮಳೆ ಕೇಳಲು ಹೋಗುತ್ತಾನೆ. ಆಟದಲ್ಲಿ ಇವರಿಬ್ಬರೂ ಒಂದು ರಾತ್ರಿ ಎದುರುಬದುರಾಗುತ್ತಾರೆ. ಏಳು ದಿನದಲ್ಲಿ ಸಾಯುವವನಿಗೆ ಕಾಲದ ಅವಸರ ಇರುತ್ತದೆ, ಅವನು ಎಲ್ಲರ ಮನೆಯ ಪರಿಸ್ಥಿತಿ ಒಂದೇ ಉಸಿರಿಗೆ ಹೇಳಬೇಕು. ಅವನ ವರದಿಯಲ್ಲಿ ಏನಿರುತ್ತದೆ ಎಂಬುದನ್ನು ಆ ವರ್ಷ ಹುಡುಗಿ ಯಾರ್ಯಾರ ಮನೆಯ ಬಾಗಿಲು ಬಡಿದಳು ಎಂಬುದು ತೀರ್ಮಾನಿಸುತ್ತದೆ. ಅವಳು ನೋಡದ ಮನೆ ಅವನ ಕಣ್ಣಿಗೂ ಬೀಳುವುದಿಲ್ಲ.

ಇಂಥ ನಂಬಿಕೆಗಳನ್ನು ಆಟಕ್ಕೆ ತರುವಾಗ ಯಾರನ್ನು ಕೇಳಿ ತರುತ್ತೇವೆ ಎಂಬುದೂ ಮುಖ್ಯ. 2014ರಲ್ಲಿ ಅಲಾಸ್ಕಾದ ಇನ್ಯುಪಿಯಾಟ್ ಜನರ ಕತೆಯಿಂದ ‘ನೆವರ್ ಅಲೋನ್’ ಬಂತು. ನಿಲ್ಲದ ಹಿಮಗಾಳಿಯ ಮೂಲ ಹುಡುಕಿ ಹೊರಡುವ ಹುಡುಗಿ, ಜೊತೆಗೆ ಒಂದು ನರಿ. ಆ ಕತೆಯನ್ನು ಹೇಳಿದ ರಾಬರ್ಟ್ ನಸ್ರುಕ್ ಕ್ಲೀವ್‌ಲ್ಯಾಂಡ್ ಎಂಬ ಹಿರಿಯರು ತೀರಿಹೋಗಿದ್ದರು. ತಂಡದವರು ಅವರ ಮಗಳನ್ನು ಹುಡುಕಿ ಹೋಗಿ ಒಪ್ಪಿಗೆ ಪಡೆದರು. ಊರ ಹಿರಿಯರೇ ಕೂತು ಪಾತ್ರಗಳನ್ನು ತಿದ್ದಿದರು. ನಮ್ಮಲ್ಲೂ ಗೇಮ್ ಕಟ್ಟುವವರಿದ್ದಾರೆ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮ್ ಕಂಪನಿ ಹುಟ್ಟಿತು. ಅನಿಮೇಷನ್, ಗೇಮಿಂಗಿಗೆಂದೇ ಕರ್ನಾಟಕ 2012ರಲ್ಲಿ ನೀತಿ ತಂದಿತು, 2024ರಲ್ಲಿ ಹೊಸದೂ ಬಂತು. ಕಲಿತ ಕೈಗಳಿಗೆ ಕೊರತೆಯಿಲ್ಲ. ಆ ಕೈಗಳು ಬುಟ್ಟಿ ಹೊರುವ ಹೆಣ್ಣುಮಕ್ಕಳ ಎದುರು ಬಂದು ಕೂರಬೇಕು.

ಭಾಷೆಯ ಮಾತು ಬಂದರೆ ನನಗೆ ಸಂಕಟವಾಗುತ್ತದೆ. ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ವಿಜಾಪುರದ ಕನ್ನಡ ಕೇಳಿಸುವುದು ಹೆಚ್ಚಾಗಿ ನಗಿಸುವವರ ಬಾಯಲ್ಲಿ. ನಾಯಕನದು ಗ್ರಂಥದ ಕನ್ನಡ, ಅವನ ಪಕ್ಕದ ಹಾಸ್ಯದವನದು ನಮ್ಮ ಕನ್ನಡ. ಹೀಗೆ ವರ್ಷಾನುಗಟ್ಟಲೆ ಕೇಳಿದ ಮಗು ತನ್ನ ಆಯಿ ಬೆಳೆ ಹೋಯಿತೆಂದು ಅತ್ತರೂ ಅದರಲ್ಲಿ ನಗು ಹುಡುಕುತ್ತದೆ. ಆದ್ದರಿಂದ ಆಟದ ಹುಡುಗಿಯೂ ಇದೇ ಕನ್ನಡ ಆಡುತ್ತಾಳೆ, ಗೇಟಿನವನೂ, ವರುಣಮಿತ್ರದ ಮಾತು ತಿಳಿಸಿಕೊಡುವ ಮಾಸ್ತರರೂ. ದುಃಖಕ್ಕೂ ಲೆಕ್ಕಕ್ಕೂ ವಿಜ್ಞಾನಕ್ಕೂ ಸಾಲುವ ಭಾಷೆ ಇದು.

ಕೊನೆಗೆ ಬೀಗದ ಮನೆಯವರು. ಅವರು ಆಟದ ಬಹುಪಾಲು ಪರದೆಯ ಮೇಲೆ ಇಲ್ಲ. ಸುಗ್ಗಿ ಕೈ ಕೊಟ್ಟ ವರ್ಷ ಈ ಸೀಮೆಯ ತಾಂಡಾ, ಹಳ್ಳಿಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ, ಪುಣೆಗೆ, ಮಹಾರಾಷ್ಟ್ರದ ಕಬ್ಬು ಕಡಿಯಲು ಹೋಗುತ್ತಾರೆ. ಸಂಜೆಯ ಬಸ್ಸಿಗೆ ಹೇರುವ ಗಂಟುಗಳ ಲೆಕ್ಕ ಕಂಡಕ್ಟರಿಗೆ ಬಾಯಿಪಾಠ. ಯಾವ ವರ್ಷ ಮಳೆ ಹೇಗಿತ್ತು ಎಂದು ಅವನು ಗಂಟು ಎಣಿಸಿ ಹೇಳಬಲ್ಲ. ಇಲ್ಲದವರನ್ನು ಪಾತ್ರವಾಗಿ ಬರೆಯುವುದು ಬಹಳ ಕಷ್ಟದ ಕೆಲಸ. ನಾನು ಮೂರು ವಸ್ತು ಇಟ್ಟೆ, ಬೀಗ, ಬೋರಲು ಕೊಡ, ಆಯಿಯ ಹತ್ತಿರ ಬಿಟ್ಟುಹೋದ ಒಂದು ಕೋಳಿ. ಆಮೇಲೆ ಒಂದು ಫೋನು. ಹದಿನೈದು ದಿನಕ್ಕೊಮ್ಮೆ ಆಯಿಯ ಮೊಬೈಲು ಹಾಡುತ್ತದೆ, ಹುಡುಗಿ ಒತ್ತಿ ಅವಳ ಕಿವಿಗೆ ಹಿಡಿಯಬೇಕು. ಆ ಕಡೆಯ ಮಾತು ನಮಗೆ ಕೇಳಿಸುವುದಿಲ್ಲ, ಆಯಿಯದಷ್ಟೇ ಕೇಳುತ್ತದೆ. "ಹೂಂ... ಇಲ್ಲ, ಬಂದಿಲ್ಲ... ಮಾಡ ಆಗ್ತದ, ಹೋಗ್ತದ... ಕೋಳಿ ಚಲೋ ಅದ... ಹುಡುಗ ಉಣ್ತಾನೇನು?"

ಏಳನೆಯ ವರ್ಷದ ಯುಗಾದಿಗೆ ಬೀಗ ತೆಗೆದಿರುತ್ತದೆ. ಅದನ್ನು ತೆಗೆಯುವ ದೃಶ್ಯ ಇಲ್ಲ. ಹುಡುಗಿ ಓಣಿಗೆ ಬಂದಾಗ ಬಾಗಿಲು ತೆರೆದೇ ಇದೆ, ಕೊಡ ನೆಟ್ಟಗೆ ನಿಂತಿದೆ, ಒಳಗೆ ಸ್ಟೌವಿನ ಸದ್ದು. ಪಕ್ಕದ ಕಟ್ಟೆ ಖಾಲಿ. ಹೊಸ್ತಿಲ ಮೇಲೆ ಎಂಟೊಂಬತ್ತು ವರ್ಷದ ಹುಡುಗ ಕೋಳಿಗೆ ಜೋಳ ಹಾಕುತ್ತ ಕೂತಿದ್ದಾನೆ. ಅವನು ಹುಟ್ಟಿದ ಊರಿಗಿಂತ ಗೋವಾದ ಕಟ್ಟಡಗಳ ನೆರಳಿನಲ್ಲೇ ಹೆಚ್ಚು ದಿನ ಬೆಳೆದವನು. ಇವಳನ್ನು ನೋಡಿ ಏಳುತ್ತಾನೆ, ಕೈಯಲ್ಲಿದ್ದ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳುತ್ತಾನೆ:

"ನೀವ್ ಯಾರ್ರಿ?"